ಘಟ್ಟದ ಇಳಿಜಾರು ಮತ್ತು ಮಾದರಿ ಮೋಟಾರಿನ ಡಿಕ್ಕಿ

ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಇಳಿಯುವ ವಾಹನಕ್ಕೆ ಎಂಜಿನ್ನು ದುಡಿಯದಿದ್ದರೂ ವೇಗ ಕೂಡಿಕೊಳ್ಳುತ್ತದೆ. ಎತ್ತರವೇ ಅಲ್ಲಿ ಶಕ್ತಿಯ ಭಂಡಾರ. ಕೊಡಗಿನ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಈ ಸಂಗತಿಯನ್ನು ಪ್ರಯೋಗಾಲಯದ ಮೇಜಿಗೆ ತಂದು, ಡಿಕ್ಕಿಯಲ್ಲಿ ಪ್ರಯಾಣಿಕನ ದೇಹಕ್ಕೆ ಏನಾಗುತ್ತದೆಂಬುದನ್ನು ಕೈಯಾರೆ ಮಾಡಿ ತಿಳಿಯುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಬೇಕಾದ ಸಾಮಗ್ರಿ ಅಲ್ಪ: ಒಂದು ಹಲಗೆ, ನಾಲ್ಕು ಗಾಲಿಗಳ ಮರದ ಬಂಡಿ, ರಟ್ಟು, ಬಟ್ಟೆಯ ಪಟ್ಟಿ, ಕೆಲವು ಹಸಿ ಕೋಳಿಮೊಟ್ಟೆಗಳು. (ಮೊಟ್ಟೆಯನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದು ಲೇಸು, ಪ್ರಯೋಗಾಲಯವನ್ನು ಗುಡಿಸುವವರು ನಮ್ಮನ್ನು ಕ್ಷಮಿಸುವರು.) ಹಲಗೆಯ ಒಂದು ತುದಿಯನ್ನು ಎತ್ತರಿಸಿ, 45 ಸೆಂಟಿಮೀಟರ್ ಎತ್ತರದಿಂದ ಬಂಡಿಯನ್ನು ಬಿಟ್ಟರೆ, ಘರ್ಷಣೆಯನ್ನು ಗಣಿಸದಿದ್ದಲ್ಲಿ, ಅದು ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಿಂದ ಕೆಳತುದಿಯ ಇಟ್ಟಿಗೆಗೆ ಬಡಿಯುತ್ತದೆ.

ಇಳಿದ ಎತ್ತರವನ್ನು, ನಿಲ್ಲುವಾಗ ಕ್ರಮಿಸಿದ ದೂರದಿಂದ ಭಾಗಿಸಿದರೆ, ಮೊಟ್ಟೆಯ ಮೇಲಿನ ಸರಾಸರಿ ಬಲ ಅದರ ತೂಕದ ಎಷ್ಟು ಪಟ್ಟು ಎಂಬುದು ದೊರೆಯುತ್ತದೆ. ಬಂಡಿಯ ಮೂತಿ ಗಟ್ಟಿಮರದ್ದಾಗಿ ಅರ್ಧ ಸೆಂಟಿಮೀಟರಿನಲ್ಲಿ ನಿಂತರೆ 90 ಪಟ್ಟು. ಮಡಿಸಿದ ರಟ್ಟನ್ನು ಮೂತಿಗೆ ಅಂಟಿಸಿ 5 ಸೆಂಟಿಮೀಟರ್ ಕುಸಿಯುವಂತೆ ಮಾಡಿದರೆ 9 ಪಟ್ಟು ಮಾತ್ರ. 1950ರ ದಶಕದಲ್ಲಿ ಬೇಲಾ ಬಾರೆನ್ಯಿಯವರು ಜರ್ಮನಿಯ ಮರ್ಸಿಡಿಸ್ ಬೆಂಜ್ ಕಾರುಗಳಿಗೆ ಬೇಕೆಂದೇ ಕುಸಿಯುವ ಮೂತಿಯನ್ನು ಕಲ್ಪಿಸಿದುದು ಈ ತತ್ತ್ವದ ಮೇಲೆಯೇ.

ಪಾಠದ ತಿರುಳಿರುವುದು ಮೂರನೆಯ ಪ್ರಯೋಗದಲ್ಲಿ. ರಟ್ಟಿನ ಮೂತಿ ಇರಲಿ. ಮೊಟ್ಟೆಯನ್ನು ಬಂಡಿಗೆ ಬಿಗಿದಿದ್ದ ಪಟ್ಟಿಯನ್ನು ಮಾತ್ರ ಬಿಚ್ಚಬೇಕು. ರಟ್ಟು ಕುಸಿಯುತ್ತ ಬಂಡಿಯ ವೇಗ ತಗ್ಗುತ್ತಿರುವಾಗ ಮೊಟ್ಟೆಯು ಜಡತ್ವದಿಂದ ಮೊದಲಿನ ವೇಗದಲ್ಲಿಯೇ ಸಾಗಿ ಮುಂದಿನ ತಡೆಗೆ ಬಡಿದು ಒಡೆಯುತ್ತದೆ. ಮೂತಿ ಸಂಪಾದಿಸಿದ 5 ಸೆಂಟಿಮೀಟರಿನಲ್ಲಿ ಅದಕ್ಕೆ ಪಾಲಿಲ್ಲ. 1959ರಲ್ಲಿ ವೋಲ್ವೊ ಕಾರುಗಳಿಗೆ ಬಂದ ನಿಲ್ಸ್ ಬೋಲಿನ್‌ರವರ ಮೂರು ಬಿಂದುಗಳ ಬೆಲ್ಟು ದೇಹಕ್ಕೆ ದೊರಕಿಸಿಕೊಟ್ಟುದು ಈ ಪಾಲನ್ನೇ.

ಗಂಟೆಗೆ 60 ಕಿಲೋಮೀಟರ್ ವೇಗವು ಸುಮಾರು 14 ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮ. ಕಾರು 60 ಸೆಂಟಿಮೀಟರ್ ಕುಸಿಯಿತೆಂದು ಭಾವಿಸೋಣ. ಬೆಲ್ಟು ಕಟ್ಟಿದವನ ಮೇಲಿನ ಸರಾಸರಿ ಬಲ ಅವನ ತೂಕದ ಸುಮಾರು 24 ಪಟ್ಟು. ಕಟ್ಟದೆ, ಎದುರಿನ ಗಟ್ಟಿ ಭಾಗಕ್ಕೆ ಬಡಿದು 5 ಸೆಂಟಿಮೀಟರಿನಲ್ಲಿ ನಿಂತವನ ಮೇಲೆ ಸುಮಾರು 280 ಪಟ್ಟು. ಕಾಫಿ ತೋಟಗಳಿಗೆ ಕೆಲಸಗಾರರನ್ನು ಒಯ್ಯುವ ಜೀಪಿನ ಹಿಂಭಾಗದಲ್ಲಿ, ಎದುರುಬದುರಾದ ಬೆಂಚುಗಳ ಮೇಲೆ ಬೆಲ್ಟಿಲ್ಲದೆ ಕುಳಿತವರು ಈ ಎರಡನೆಯ ಲೆಕ್ಕಕ್ಕೆ ಸೇರುವರು. ಬಂಡಿಯಲ್ಲಿ ಮೊಟ್ಟೆಯನ್ನು ಪಕ್ಕದ ಅಂಚಿಗೆ ಇರಿಸಿ, ಅದರ ಹಿಂದೆ ಮರಳಿನ ಚಿಕ್ಕ ಚೀಲವೊಂದನ್ನು ಕಟ್ಟದೆ ಇಟ್ಟು ಪ್ರಯೋಗವನ್ನು ಪುನಃ ನಡೆಸಿದರೆ, ಮೂಟೆಗಳ ಜೊತೆಯಲ್ಲಿ ಪ್ರಯಾಣ ಮಾಡುವವರ ಸ್ಥಿತಿಯೂ ತಿಳಿದುಬರುತ್ತದೆ. ಚೀಲದ ತೂಕ ಮೊದಲು ಮೊಟ್ಟೆಯಷ್ಟೇ ಇದ್ದರೆ ಸಾಕು.