ಕಟ್ಟಿದರೂ ಕರಗದ ಸಾಲ

ಪ್ರಶ್ನೆ: ಕ್ರೆಡಿಟ್ ಕಾರ್ಡಿನ ಸಾಲಕ್ಕೆ ತಿಂಗಳು ತಿಂಗಳೂ ತಪ್ಪದೆ ಹಣ ಕಟ್ಟಿದರೂ ಅದು ಇಳಿಯುವುದೇ ಇಲ್ಲವೇಕೆ? ಮನೆಖರ್ಚಿನಲ್ಲಿ ಅಷ್ಟಿಷ್ಟು ಉಳಿಸಿದರೆ ಪ್ರಯೋಜನವುಂಟೆ? (ಓದುಗರೊಬ್ಬರು, ಕಾಚಿಗುಡ, ಹೈದರಾಬಾದು)

ಉತ್ತರ: ಕಟ್ಟಿದ ಹಣವು ಮೊದಲು ಬಡ್ಡಿಗೆ ಸಂದು, ಮಿಕ್ಕುದು ಮಾತ್ರವೇ ಅಸಲಿಗೆ ಸಲ್ಲುವುದರಿಂದ, ಅಸಲು ಕಂತಿಗೂ ಬಡ್ಡಿಗೂ ಇರುವ ಅಂತರದಷ್ಟೇ ಇಳಿಯುತ್ತದೆ. ಒರತೆಯುಳ್ಳ ಬಾವಿಯನ್ನು ಬತ್ತಿಸಹೊರಟವನು ಒಸರುವಷ್ಟೇ ನೀರನ್ನು ಮೊಗೆಯುತ್ತಿದ್ದರೆ, ದಿನವೆಲ್ಲ ದುಡಿದರೂ ಮಟ್ಟ ತಗ್ಗದು. ಒಸರನ್ನು ಮೀರಿ ಮೊಗೆದ ಕೊಡಗಳೇ ಅದನ್ನು ತಗ್ಗಿಸುವುವು.

50,000 ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ 3ರಂತೆ ಬಡ್ಡಿಯೆಂದು ಭಾವಿಸಿದರೆ, ಮೊದಲ ತಿಂಗಳ ಬಡ್ಡಿಯೇ 1,500 ರೂಪಾಯಿ. 2,000 ಕಟ್ಟಿದವರ ಅಸಲು ಆಗ 500ರಷ್ಟೇ ಇಳಿದು, ಹೊಸ ಸಾಲ ಮಾಡದಿದ್ದರೂ ಋಣವಿಮೋಚನೆಗೆ 47 ತಿಂಗಳು ಹಿಡಿಯುತ್ತದೆ. ಮನೆಖರ್ಚಿನಿಂದ ಇನ್ನೂ 1,500 ಉಳಿಸಿ 3,500 ಕಟ್ಟಿದರೆ, ಬಡ್ಡಿಯ ಪಾಲು ಆಗಲೇ ಸಂದಿರುವುದರಿಂದ ಉಳಿಸಿದ ಹಣವೆಲ್ಲವೂ ಅಸಲಿಗೇ ಸೇರಿ, ಅಸಲಿಳಿದಂತೆ ಮುಂದಿನ ಬಡ್ಡಿಯೂ ಕುಗ್ಗಿ, ಸಾಲವು 19 ತಿಂಗಳಲ್ಲೇ ತೀರುತ್ತದೆ.

ಆದುದರಿಂದ ಮಕ್ಕಳ ಹಾಲು, ಔಷಧ, ಶಾಲೆಯ ಶುಲ್ಕಗಳನ್ನು ಮುಟ್ಟದೆ, ಹೋಟೆಲಿನ ಊಟವನ್ನು ಮಿತಗೊಳಿಸಿ, 1999ರಿಂದ ನಡೆದುಬಂದಿರುವ, ರೈತರೇ ನೇರವಾಗಿ ಮಾರುವ ರೈತು ಬಜಾರುಗಳಲ್ಲಿ (ಮೆಹದಿಪಟ್ಣಂ, ಎರ್ರಗಡ್ಡಗಳಲ್ಲಿ ಇವು ಉಂಟು) ತರಕಾರಿ ಕೊಂಡು, ಹಾಗೆ ಉಳಿಯಬಹುದಾದ ಮೊತ್ತವನ್ನು ಸಂಬಳ ಬಂದ ದಿನವೇ ಸಾಲಕ್ಕೆ ಕಟ್ಟುವುದು ಶ್ರೇಯಸ್ಕರ. ಸಾಲಗಳು ಹಲವಿದ್ದರೆ, ಎಲ್ಲಕ್ಕೂ ಕಡ್ಡಾಯದ ಕಂತನ್ನು ಕಟ್ಟುತ್ತ, ಹೆಚ್ಚುವರಿ ಹಣವನ್ನು ಅತ್ಯಧಿಕ ಬಡ್ಡಿಯ ಸಾಲಕ್ಕೇ ಮೀಸಲಿಡಬೇಕು.