ಮನೆಯ ತೊಟ್ಟಿಯಲ್ಲಿ ಹವಳ

ಹವಳವನ್ನು ಕಲ್ಲೆಂದು ಬಗೆದಿದ್ದೀರಾ, ವಾಚಕರೇ? ಅದು ಪ್ರಾಣಿ. ಅದರ ಒಡಲಲ್ಲಿ ನೆಲಸಿದ ಸೂಕ್ಷ್ಮ ಪಾಚಿಯು ಬೆಳಕಿನಿಂದ ಅನ್ನ ಅಟ್ಟು ಮನೆಯೊಡೆಯನಿಗೂ ಬಡಿಸುತ್ತದೆ. ನೀಲಿ ಬೆರೆತ ಎಲ್‌ಇಡಿ ದೀಪವನ್ನು ದಿನಕ್ಕೆ 8–10 ಗಂಟೆ ಬೆಳಗಿರಿ. ಮೊದಲು ಮಂದವಾಗಿ, ವಾರಗಳು ಕಳೆದಂತೆ ಪ್ರಖರವಾಗಿ. ಒಮ್ಮೆಲೇ ಉರಿಸಿದರೆ ಪಾಚಿ ಹೊರಬಿದ್ದು ಹವಳ ಬಿಳಿಚಿ ಸಾಯಬಹುದು.

ದುರ್ಗದಬೈಲಿನಿಂದ ತಂದ ಅಡಿಗೆಯುಪ್ಪು ಇಲ್ಲಿ ನಡೆಯದು. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರ ಅಕ್ವೇರಿಯಂ ಉಪ್ಪು ಬೆರಸಿ, ಚಿಟಿಕೆ ಮೀನಿನ ಆಹಾರ ಹಾಕುತ್ತ 4–6 ವಾರ ಬರಿಯ ತೊಟ್ಟಿಯನ್ನೇ ನಡೆಸಿರಿ. ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಗಳು ನೆಲೆಗೊಳ್ಳಬೇಕಷ್ಟೆ! ಇಷ್ಟು ತಾಳ್ಮೆಯಿಲ್ಲದವರು ತೊಟ್ಟಿ ಕೊಳ್ಳದಿರುವುದೇ ಲೇಸು.

ಮುರುಡೇಶ್ವರದಾಚೆಯ ನೇತ್ರಾಣಿಯಿಂದ ಹವಳ ಮುರಿದು ತರುವ ಯೋಚನೆ ಬೇಡ. ಕಲ್ಲುಹವಳಗಳಿಗೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಸಾಕಣೆಯ ಮೆದುಹವಳದ ತುಣುಕನ್ನೂ ಜಾತಿ, ಕಾಗದಪತ್ರ ವಿಚಾರಿಸಿಯೇ ಕೊಳ್ಳಿರಿ.