ರಕ್ತ ಸಂಚಾರ ಕುಂದಿದಾಗ ಮೂತ್ರಕೋಶಕ್ಕೆ ಏನಾಗುತ್ತದೆ?

ಭಾನುವಾರದ ಬಲಿಪೂಜೆಗೆ ಬರುವ ಕೆಲವು ಹಿರಿಯರು ಯಾವಾಗಲೂ ಬಾಗಿಲ ಬಳಿಯ ಬೆಂಚಿನಲ್ಲೇ ಕುಳಿತುಕೊಳ್ಳುತ್ತಾರೆ. ಪ್ರವಚನದ ಮಧ್ಯೆ ಎದ್ದು ಹೊರಗೆ ಹೋಗುತ್ತಾರೆ. ಇನ್ನು ಕೆಲವರು ಬರುವುದನ್ನೇ ಬಿಟ್ಟಿದ್ದಾರೆ. ಮನೆಗೆ ಪರಮಪ್ರಸಾದ ಕೊಂಡೊಯ್ದಾಗ ನಾವು ವಿಚಾರಿಸಿದರೆ, "ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ ಫಾದರ್" ಎಂದು ಸಂಕೋಚದಿಂದ ಹೇಳುತ್ತಾರೆ. ಇದು ಭಕ್ತಿಯ ಕೊರತೆಯಲ್ಲ, ಬರೀ ಮುಪ್ಪೂ ಅಲ್ಲ.

ಮೂತ್ರಕೋಶ ಸ್ನಾಯುವಿನ ಒಂದು ಚೀಲ. ಮೂತ್ರ ತುಂಬುತ್ತಾ ಹೋದಂತೆ ಅದರ ಗೋಡೆಯ ಸ್ನಾಯು ಸಡಿಲಗೊಂಡು ಜಾಗ ಮಾಡಿಕೊಡುತ್ತದೆ. ಆದ್ದರಿಂದಲೇ ಆರೋಗ್ಯವಂತರ ಮೂತ್ರಕೋಶ ಸುಮಾರು 400ರಿಂದ 500 ಮಿಲಿಲೀಟರಿನಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಈ ಸ್ನಾಯುವಿಗೂ ಅದರ ನರಗಳಿಗೂ ಆಮ್ಲಜನಕ ಬೇಕು. ಅದನ್ನು ತರುವುದು ಸೊಂಟದ ಒಳಭಾಗದ ರಕ್ತನಾಳಗಳು.

ಮೂತ್ರಕೋಶ ತೀರಾ ತುಂಬಿ ಗೋಡೆ ಹಿಗ್ಗಿದಾಗ ರಕ್ತದ ಹರಿವು ತುಸು ಇಳಿಯುವುದು ಸಹಜ. ಖಾಲಿಯಾದ ಮೇಲೆ ಮತ್ತೆ ಸರಿಹೋಗುತ್ತದೆ. ಆದರೆ ಕೊಬ್ಬು ಕಟ್ಟಿ ರಕ್ತನಾಳಗಳೇ ಕಿರಿದಾದರೆ ಕೊರತೆ ಕಾಯಂ ಆಗುತ್ತದೆ. ಆಗ ನರಗಳು ಕೆರಳುತ್ತವೆ. ಸಡಿಲವಾಗಿರಬೇಕಾದ ಸ್ನಾಯು ಸ್ವಲ್ಪ ಮೂತ್ರ ಸೇರುವಷ್ಟರಲ್ಲೇ ಬಿಗಿಯುತ್ತದೆ. ಅವಸರ, ರಾತ್ರಿ ಮತ್ತೆ ಮತ್ತೆ ಏಳುವುದು, ಕೆಲವೊಮ್ಮೆ ಬಟ್ಟೆ ಒದ್ದೆಯಾಗುವುದು ಇದರ ಲಕ್ಷಣಗಳು. ವರ್ಷಗಟ್ಟಲೆ ಹೀಗೇ ಮುಂದುವರಿದರೆ ಗೋಡೆ ಗಡುಸಾಗಿ, ಹಿಗ್ಗುವ ಶಕ್ತಿಯೂ ಪೂರ್ತಿ ಹೊರಹಾಕುವ ಶಕ್ತಿಯೂ ಕುಂದಬಹುದು.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್, ಬೀಡಿ-ಸಿಗರೇಟು - ಹೃದಯದ ಈ ಶತ್ರುಗಳೇ ಇಲ್ಲಿಯೂ ಶತ್ರುಗಳು. ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ದಾರಿಗೆ ಅಡ್ಡಿಯಾದಾಗಲೂ ಒಳಗಿನ ಒತ್ತಡ ಹೆಚ್ಚಿ ರಕ್ತದ ಹರಿವು ಇಳಿಯುತ್ತದೆ. ಹಾಗೆಂದು ಪದೇ ಪದೇ ಮೂತ್ರ ಬರುವುದಕ್ಕೆಲ್ಲ ಇದೊಂದೇ ಕಾರಣವಲ್ಲ. ಸೋಂಕು ಇರಬಹುದು, ಸೇವಿಸುವ ಮಾತ್ರೆಯೂ ಕಾರಣವಿರಬಹುದು. ವೈದ್ಯರ ಪರೀಕ್ಷೆ ಅಗತ್ಯ. ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಕಟ್ಟಿಕೊಂಡರೆ ಒಂದು ದಿನವೂ ತಡಮಾಡಬಾರದು.

ಚಿಕಿತ್ಸೆ ಇದೆ. ಸ್ನಾಯುವನ್ನು ಸಡಿಲಗೊಳಿಸುವ ಮಿರಾಬೆಗ್ರಾನ್ ಎಂಬ ಔಷಧಿಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ರಕ್ತದೊತ್ತಡ ಏರಿಸಬಹುದಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಧೂಮಪಾನ ಬಿಡುವುದು, ದಿನವೂ ನಡೆಯುವುದು, ಸಕ್ಕರೆ ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು ರಕ್ತನಾಳಗಳಿಗೆ ಹಿತ. ಚರ್ಚಿಗೆ ಹೋಗಬೇಕೆಂದು ಬೆಳಗ್ಗಿನಿಂದ ನೀರು ಕುಡಿಯದೇ ಇರುವುದು ಸರಿಯಲ್ಲ. ಗಾಢವಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸಬಹುದು.

ನಮ್ಮ ಧರ್ಮಕೇಂದ್ರಗಳಲ್ಲೂ ಮಾಡಬಹುದಾದ ಕೆಲಸವಿದೆ. ಬಲಿಪೂಜೆಯ ಹೊತ್ತಿನಲ್ಲಿ ಚರ್ಚಿನ ಶೌಚಾಲಯಕ್ಕೆ ಬೀಗ ಬೇಡ. ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪವೂ ಹಿಡಿದುಕೊಳ್ಳಲು ಕಂಬಿಯೂ ಇರಲಿ. ಅತ್ತೂರಿಗೋ ವೆಲಂಕಣಿಗೋ ಬಸ್ಸು ಹೊರಡಿಸುವವರು ಎಲ್ಲೆಲ್ಲಿ ನಿಲ್ಲಿಸುತ್ತೇವೆ ಎಂಬುದನ್ನು ಮೊದಲೇ ತಿಳಿಸಲಿ. ವಾಳೆಯ ಗುರಿಕಾರರು ಮನೆಭೇಟಿಯ ಸಮಯದಲ್ಲಿ, ಚರ್ಚಿಗೆ ಬರುವುದನ್ನು ನಿಲ್ಲಿಸಿದ ಹಿರಿಯರನ್ನು ಮೆಲ್ಲನೆ ವಿಚಾರಿಸಲಿ. ಅವರು ಹೇಳಲು ನಾಚುತ್ತಿರುವ ಮಾತು ಇದೇ ಆಗಿರಬಹುದು.